ಓಲೆಗರಿಯ ಅಕ್ಷರ ಮತ್ತು ಯಂತ್ರದ ಓದು

ವಸ್ತಾರೆ ಹೋಬಳಿಯಲ್ಲಿಯೂ ಮೂಡಿಗೆರೆ, ಕಳಸದ ಕಡೆಯ ತೋಟದ ಮನೆಗಳಲ್ಲಿಯೂ ಮಳೆಗಾಲ ಕಳೆದ ಮೇಲೆ ಅಟ್ಟ, ಪೆಟ್ಟಿಗೆ, ದೇವರ ಕೋಣೆಗಳನ್ನು ಶುಚಿಗೊಳಿಸುವ ವಾಡಿಕೆಯುಂಟು. ಆಗ ಕೆಲವು ಮನೆಗಳಲ್ಲಿ ವಸ್ತ್ರದಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟೊಂದು ಕೈಗೆ ಬರುತ್ತದೆ. ಹಿರಿಯರ ಕಾಲದಿಂದಲೂ ಅದಕ್ಕೆ ವಿಭೂತಿ ಧರಿಸಿ, ಹೂವೇರಿಸಿ ಪೂಜಿಸುತ್ತ ಬಂದವರು ಆ ಮನೆಯಲ್ಲಿರುತ್ತಾರೆ. ಅದರಲ್ಲಿ ಬರೆದಿರುವುದನ್ನು ಓದಬಲ್ಲವರು ಮಾತ್ರ ಇರುವುದಿಲ್ಲ. ಇತ್ತೀಚೆಗೆ ಶ್ರೀಮಠಕ್ಕೆ ಬರುವ ಯುವ ಭಕ್ತರು ಕೇಳುವ ಪ್ರಶ್ನೆಯೊಂದಿದೆ: ಹಳೆಯ ಬರಹವನ್ನು ಗಣಕಯಂತ್ರವೇ ಓದಿ ಅಚ್ಚಿನ ಅಕ್ಷರಕ್ಕೆ ಇಳಿಸುತ್ತದಂತೆ, ನಮ್ಮ ಮನೆಯ ಓಲೆಯನ್ನೂ ಹಾಗೆ ಓದಿಸಬಹುದೆ? ಈ ಪ್ರಶ್ನೆಗೆ ‘ಹೌದು’ ಎಂದರೆ ಅರ್ಧ ಸತ್ಯ, ‘ಇಲ್ಲ’ ಎಂದರೂ ಅರ್ಧ ಸತ್ಯ. ಆದಕಾರಣ ಸದ್ಭಕ್ತರ ತಿಳಿವಳಿಕೆಗಾಗಿ ಈ ವಿಷಯವನ್ನು ತುಸು ವಿವರವಾಗಿ ಇಲ್ಲಿ ನಿರೂಪಿಸಲಾಗಿದೆ.

ಓಲೆ, ಕಾಗದ, ಕಡತ

ಕನ್ನಡದ ಪ್ರಾಚೀನ ಬರಹಗಳು ನಮಗೆ ಮುಖ್ಯವಾಗಿ ನಾಲ್ಕು ಬಗೆಯ ಆಧಾರಗಳ ಮೇಲೆ ಉಳಿದು ಬಂದಿವೆ: ಕಲ್ಲು, ತಾಮ್ರದ ಪಟ, ತಾಳೆಯ ಗರಿ ಮತ್ತು ಬಟ್ಟೆ-ಕಾಗದಗಳು. ನಮ್ಮ ಜಿಲ್ಲೆಯ ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಆರನೆಯ ಸಂಪುಟದಲ್ಲಿ 1901ರಲ್ಲಿ ಪ್ರಕಟಿಸಿದರು. ಅಂದಿನ ಕಡೂರು ಜಿಲ್ಲೆಯೇ ಇಂದಿನ ಚಿಕ್ಕಮಗಳೂರು ಜಿಲ್ಲೆ. ಹೊಯ್ಸಳರ ಮೂಲನೆಲೆಯೆನಿಸಿದ ಮೂಡಿಗೆರೆ ತಾಲ್ಲೂಕಿನ ಅಂಗಡಿಯ ಶಾಸನಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಇಂತಹ ಶ್ರಮದಿಂದಲೇ. ಕಲ್ಲಿನ ಬರಹಕ್ಕೆ ಹೀಗೆ ಒಂದು ಶತಮಾನಕ್ಕೂ ಹಿಂದೆಯೇ ಒದಗಿದ ಭಾಗ್ಯವು ಮನೆಮನೆಯ ಓಲೆಗಳಿಗೆ ಪೂರ್ಣವಾಗಿ ಒದಗಲಿಲ್ಲ.

ಓಲೆಗರಿಯ ಮೇಲೆ ಬರೆಯುವುದು ಎಂದರೆ ಮಸಿಯಿಂದ ಬರೆಯುವುದಲ್ಲ. ಕಬ್ಬಿಣದ ಕಂಟದಿಂದ ಗರಿಯ ಮೈಯನ್ನು ಕೊರೆದು, ಆ ಗೆರೆಗಳಿಗೆ ಕಾಡಿಗೆಯಂತಹ ಕಪ್ಪನ್ನು ತೀಡಿ, ಮೇಲುಮೈಯನ್ನು ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಂತು ಅಕ್ಷರ ಕಾಣುತ್ತದೆ. ಕಾಲ ಕಳೆದಂತೆ ಆ ಕಪ್ಪು ಉದುರಿ ಹೋಗುವುದರಿಂದ ಎಷ್ಟೋ ಗರಿಗಳು ನೋಡಲು ಖಾಲಿಯಾಗಿ ತೋರುತ್ತವೆ. ಓರೆಯಾಗಿ ಬೆಳಕಿಗೆ ಹಿಡಿದಾಗ ಮಾತ್ರ ಅಕ್ಷರದ ಕೊರೆತ ಗೋಚರಿಸುತ್ತದೆ. ಏನೂ ಬರೆದಿಲ್ಲವೆಂದು ಭಾವಿಸಿ ಹೊಳೆಗೆ ಬಿಟ್ಟ ಕಟ್ಟುಗಳಲ್ಲಿ ಏನೇನಿತ್ತೋ ಹೇಳುವವರಿಲ್ಲ.

ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಕಪ್ಪನ್ನು ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ‘ಕಡತ’ವೆಂದು ಹೆಸರು. ಕಚೇರಿಗಳಲ್ಲಿ ನಾವು ಇಂದು ಬಳಸುವ ‘ಕಡತ’ ಎಂಬ ಶಬ್ದ ಅದರಿಂದಲೇ ಬಂದುದು. ನಮ್ಮ ಜಿಲ್ಲೆಯವೇ ಆದ ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಅಮೂಲ್ಯ ಆಕರಗಳಾಗಿರುವುದನ್ನು ಇಲ್ಲಿ ಸ್ಮರಿಸಬಹುದು.

ಒಂದು ವಿಷಯ ಸ್ಪಷ್ಟವಾಗಿರಬೇಕು. ಶರಣರು ಹನ್ನೆರಡನೆಯ ಶತಮಾನದವರು. ಆದರೆ ನಮಗೆ ದೊರೆತಿರುವ ವಚನದ ಓಲೆಗಳು ಬಹುಮಟ್ಟಿಗೆ ಹದಿನೈದನೆಯ ಶತಮಾನದ ಈಚಿನ ಪ್ರತಿಗಳು. ವಿಜಯನಗರದ ಕಾಲದಲ್ಲಿ ವಿರಕ್ತರು ವಚನಗಳನ್ನು ಹುಡುಕಿ, ಜೋಡಿಸಿ, ಬರೆಯಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆ ಆ ಕಾಲದ ಫಲ. ಅನಂತರ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ಅದು ಮತ್ತೆ ಮತ್ತೆ ಪರಿಷ್ಕಾರಗೊಂಡಿತು. ಅಂದರೆ ನಮ್ಮ ಕೈಯಲ್ಲಿರುವ ಪ್ರತಿಯೊಂದು ಓಲೆಯೂ ಪ್ರತಿಯ ಪ್ರತಿ. ಪ್ರತಿಗೊಬ್ಬ ಲಿಪಿಕಾರನ ಕಣ್ಣು, ಕೈ, ಊರಿನ ಉಚ್ಚಾರಣೆ ಅದರಲ್ಲಿ ಸೇರಿಕೊಂಡಿವೆ.

ಹಳಕಟ್ಟಿಯವರು ತೋರಿದ ದಾರಿ

ವಚನ ಪಿತಾಮಹ ಫ. ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲರಾಗಿದ್ದವರು. ಮಠಗಳಿಂದಲೂ ಭಕ್ತರ ಮನೆಗಳಿಂದಲೂ ಓಲೆಗಳನ್ನು ಕಾಡಿ ಬೇಡಿ ತಂದು, ಕಣ್ಣಿಟ್ಟು ಓದಿ, ಕಾಗದಕ್ಕೆ ಇಳಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅಚ್ಚಿನ ಕೆಲಸಕ್ಕೆಂದು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು; ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಹಲವು ವಿದ್ವಾಂಸರ ದಶಕಗಳ ದುಡಿಮೆ ಇದರೊಡನೆ ಸೇರಿ, 1993ರಲ್ಲಿ ಕರ್ನಾಟಕ ಸರ್ಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಇಂದು ಅಂತರ್ಜಾಲದ ‘ವಚನ ಸಂಚಯ’ದಲ್ಲಿ ಪದಪದವಾಗಿ ಹುಡುಕಲು ದೊರೆಯುತ್ತವೆ.

ಈ ಇತಿಹಾಸವನ್ನು ಇಲ್ಲಿ ನೆನೆದುದಕ್ಕೆ ಕಾರಣವಿದೆ. ಹಳಕಟ್ಟಿಯವರ ಕಾಲದಲ್ಲಿ ದೊಡ್ಡ ತೊಡಕು ಎರಡು: ಓಲೆ ಎಲ್ಲಿದೆಯೆಂದು ತಿಳಿಯುವುದು, ತಿಳಿದ ಮೇಲೆ ಅದನ್ನು ಅಕ್ಷರ ಅಕ್ಷರವಾಗಿ ನಕಲು ಮಾಡುವುದು. ಯಂತ್ರದ ಓದು ಈ ಎರಡನೆಯ ತೊಡಕನ್ನು ಹಗುರಗೊಳಿಸಬಲ್ಲದು. ಮೊದಲನೆಯದನ್ನು ನಿವಾರಿಸಬೇಕಾದವರು ನಾವೇ.

ಯಂತ್ರ ಹೇಗೆ ಓದುತ್ತದೆ

ಅಚ್ಚಿನ ಪುಟವನ್ನು ಓದುವ ತಂತ್ರಾಂಶಗಳು ಬಹುಕಾಲದಿಂದ ಇವೆ. ಕನ್ನಡ ಲಿಪಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’ ಅಂತಹದೊಂದು. ಅಚ್ಚಿನಲ್ಲಿ ಒಂದು ಮೊಳೆಯ ‘ಕ’ ಪುಸ್ತಕದುದ್ದಕ್ಕೂ ಒಂದೇ ‘ಕ’. ಕೈಬರಹದಲ್ಲಿ ಹಾಗಲ್ಲ, ಒಬ್ಬನೇ ಬರೆದರೂ ಒಂದು ಸಾಲಿನ ‘ಕ’ ಮತ್ತೊಂದು ಸಾಲಿನಲ್ಲಿ ಬೇರೆಯಾಗಿರುತ್ತದೆ.

ಆದುದರಿಂದ ಕೈಬರಹವನ್ನು ಓದುವ ತಂತ್ರಾಂಶಕ್ಕೆ ಅಕ್ಷರದ ಆಕಾರವನ್ನು ಯಾರೂ ಸೂತ್ರವಾಗಿ ಹೇಳಿಕೊಡುವುದಿಲ್ಲ. ಮೊದಲು ಚಿತ್ರದಲ್ಲಿ ಸಾಲುಗಳನ್ನು ಗುರುತಿಸುತ್ತದೆ. ಬಳಿಕ ಒಂದೊಂದು ಸಾಲಿನ ಚಿತ್ರವನ್ನೂ, ಬಲ್ಲವರು ಅದನ್ನು ಓದಿ ಬೆರಳಚ್ಚಿಸಿದ ಪಾಠವನ್ನೂ ಜೊತೆಜೊತೆಯಾಗಿ ಅದಕ್ಕೆ ಒದಗಿಸಬೇಕು. ಇಂತಹ ಸಾವಿರಾರು ಜೋಡಿಗಳಿಂದ ಅದು ತಾನಾಗಿ ಹೋಲಿಕೆಯನ್ನು ಕಲಿಯುತ್ತದೆ. ಕಲಿತದ್ದನ್ನು ಪರೀಕ್ಷಿಸಲು, ಅದಕ್ಕೆ ಎಂದೂ ತೋರಿಸದ ಕೆಲವು ಪುಟಗಳನ್ನು ಬೇರೆಯಾಗಿ ಇಟ್ಟುಕೊಂಡಿರುತ್ತಾರೆ.

ಯುರೋಪಿನಲ್ಲಿ ಈ ಕಾರ್ಯ ಬಹಳ ಮುಂದುವರಿದಿದೆ. ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ಟ್ರಾನ್ಸ್‌ಕ್ರಿಬಸ್’ ತಂತ್ರಾಂಶವನ್ನು 2019ರಿಂದ ಒಂದು ಸಹಕಾರಿ ಸಂಸ್ಥೆ ನಡೆಸುತ್ತಿದೆ. ಪ್ಯಾರಿಸ್ಸಿನ ವಿದ್ವಾಂಸರು ರೂಪಿಸಿದ ‘ಇ-ಸ್ಕ್ರಿಪ್ಟೋರಿಯಂ’ ಮುಕ್ತ ತಂತ್ರಾಂಶವಾದುದರಿಂದ ಯಾರು ಬೇಕಾದರೂ ತಮ್ಮದೇ ಗಣಕದಲ್ಲಿ ಸ್ಥಾಪಿಸಿಕೊಳ್ಳಬಹುದು. ಒಬ್ಬನ ಕೈಬರಹವನ್ನು ಕಲಿಸಲು ಆರಂಭಕ್ಕೆ ಸುಮಾರು 5,000ದಿಂದ 15,000 ಪದಗಳಷ್ಟು ಶುದ್ಧ ಪಾಠ ಬೇಕೆಂಬುದು ಟ್ರಾನ್ಸ್‌ಕ್ರಿಬಸ್ ಬಳಸುವವರಿಗೆ ನೀಡುವ ಸಲಹೆ. ತಾಳೆಗರಿಯ ವಿಷಯದಲ್ಲಿ ಆಗ್ನೇಯ ಏಷ್ಯದ ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. ಬಾಲಿ ದ್ವೀಪದ ಓಲೆಗಳಿಗೂ ಕಾಂಬೋಡಿಯದ ಖ್ಮೇರ್ ಓಲೆಗಳಿಗೂ ಇಂತಹ ಕಲಿಕೆಯ ಪಾಠಸಂಗ್ರಹಗಳನ್ನು ಸಿದ್ಧಪಡಿಸಿ, 2016 ಮತ್ತು 2018ರಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಗಳ ಮೂಲಕ ಯಂತ್ರದ ಓದನ್ನು ಪರೀಕ್ಷಿಸಲಾಗಿದೆ.

ಲಂಡನ್ನಿನಲ್ಲಿ ನಡೆದ ಇನ್ನೊಂದು ಕಾರ್ಯವೂ ಗಮನಾರ್ಹ. ಜೆರೆಮಿ ಬೆಂಥಮ್ ಎಂಬ ತತ್ತ್ವಜ್ಞಾನಿಯ ಹಸ್ತಪ್ರತಿಗಳನ್ನು 2010ರಿಂದ ಸಾಮಾನ್ಯ ಓದುಗರೇ ಸ್ವಇಚ್ಛೆಯಿಂದ ನಕಲು ಮಾಡಿದರು. ಅವರು ಬರೆದ ಪಾಠವೇ ಮುಂದೆ ಯಂತ್ರಕ್ಕೆ ಕಲಿಕೆಯ ಪಾಠವಾಯಿತು. ಯಂತ್ರದ ಹಿಂದೆ ಮನುಷ್ಯರ ಕಾಯಕವೇ ಇದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕನ್ನಡದ ಓಲೆಯ ತೊಡಕುಗಳು

ಮೊದಲನೆಯದಾಗಿ, ಓಲೆಯಲ್ಲಿ ಪದಪದಗಳ ನಡುವೆ ತೆರಪಿಲ್ಲ. ಸಾಲು ಒಂದೇ ಹರಿವಿನಲ್ಲಿ ಸಾಗುತ್ತದೆ. ‘ಆನೆಲ್ಲಿ’ ಎಂದಿದ್ದರೆ ಅದು ‘ನಾನು ಎಲ್ಲಿ’ ಎಂಬ ಪ್ರಶ್ನೆಯೋ, ‘ಆನೆ ಎಲ್ಲಿ’ ಎಂಬ ಪ್ರಶ್ನೆಯೋ ಎಂದು ಸಂದರ್ಭವೇ ಹೇಳಬೇಕು.

ಎರಡನೆಯದಾಗಿ, ಹಳೆಯ ಬರಹದಲ್ಲಿ ಎ-ಏ, ಒ-ಓ ಸ್ವರಗಳ ಹ್ರಸ್ವ ದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ‘ಕೆಡು’ವೂ ‘ಕೇಡು’ವೂ ಒಂದೇ ಬಗೆ, ‘ಕೊಡು’ವೂ ‘ಕೋಡು’ವೂ ಒಂದೇ ಬಗೆ. ಅಡುಗೆಮನೆಯ ‘ಒಲೆ’ಗೂ ನಾವು ಪೂಜಿಸುವ ‘ಓಲೆ’ಗೂ ಬರಹದಲ್ಲಿ ವ್ಯತ್ಯಾಸವಿಲ್ಲ.

ಮೂರನೆಯದಾಗಿ, ದ-ಧ, ಡ-ಢ, ಬ-ಭ, ಪ-ಫ ಮೊದಲಾದ ಅಕ್ಷರಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಸೀಳು ಮಾತ್ರ. ಕಂಟದಿಂದ ವೇಗವಾಗಿ ಕೊರೆಯುವಾಗ ಆ ಸೀಳು ಎಷ್ಟೋ ವೇಳೆ ಬಿಟ್ಟುಹೋಗಿರುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದು ಅಲ್ಲಿನ ಅಕ್ಷರಗಳಿಗೆ ತಾಗುತ್ತವೆ. ಯಂತ್ರವು ಒತ್ತನ್ನು ಮುಂದಿನ ಸಾಲಿಗೆ ಸೇರಿಸಿಬಿಡಬಹುದು.

ನಾಲ್ಕನೆಯದು ನಮ್ಮ ಮಲೆನಾಡಿನವರಿಗೆ ಬೇಗ ಅರ್ಥವಾಗುವಂತಹುದು. ಹುಳು ಕೊರೆದ ತೂತು ಸೊನ್ನೆಯಂತೆಯೇ ಕಾಣುತ್ತದೆ. ‘ಕದ’ ಎಂಬ ಪದದ ನಡುವೆ ಹುಳುವೊಂದು ತೂತು ಕೊರೆದರೆ ಯಂತ್ರ ಅದನ್ನು ‘ಕಂದ’ ಎಂದು ಓದಬಲ್ಲದು; ‘ಮದ’ವು ‘ಮಂದ’ವಾಗಬಲ್ಲದು. ತಿಂಗಳುಗಟ್ಟಲೆ ಮಳೆ, ಮಂಜು, ತೇವ ಇರುವ ಈ ಸೀಮೆಯಲ್ಲಿ ಹುಳು ಮತ್ತು ಬೂಷ್ಟು ಮುಟ್ಟದ ಕಟ್ಟು ಅಪರೂಪ.

ಐದನೆಯದಾಗಿ, ಹಳೆಯ ಕಾಗುಣಿತ. ‘ಧರ್ಮ್ಮ’, ‘ಕರ್ಮ್ಮ’ ಎಂದು ರೇಫದ ನಂತರ ದ್ವಿತ್ವ ಬರೆಯುವುದು ಅಂದಿನ ರೂಢಿ. ಱ, ೞ ಎಂಬ ಅಕ್ಷರಗಳು ಹಳೆಯ ಪಾಠಗಳಲ್ಲಿ ಬರುತ್ತವೆ. ಗಣಕದ ಅಂತಾರಾಷ್ಟ್ರೀಯ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಈ ‘ೞ’ಕಾರಕ್ಕೆ ಸ್ಥಾನವಿದ್ದರೂ, ಆರಂಭದಲ್ಲಿ ನೀಡಿದ ತಪ್ಪು ಹೆಸರೇ ಇಂದಿಗೂ ಉಳಿದಿದೆ, ಅಲ್ಲಿ ಅದನ್ನು ‘ಫ’ ಎಂದು ಕರೆಯಲಾಗಿದೆ. ಒಮ್ಮೆ ದಾಖಲಾದ ತಪ್ಪು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನೂರಕ್ಕೆ ಐದು ತಪ್ಪು ಎಂದರೆ ಎಷ್ಟು?

ಯಂತ್ರದ ಓದನ್ನು ಅಳೆಯುವುದು ಅಕ್ಷರದ ತಪ್ಪಿನ ಪ್ರಮಾಣದಿಂದ. ನೂರಕ್ಕೆ ಐದೇ ತಪ್ಪು ಎಂದರೆ ಕೇಳಲು ಹಿತವಾಗಿರುತ್ತದೆ. ಲೆಕ್ಕ ಹಾಕಿ ನೋಡೋಣ. ಗರಿಯ ಒಂದು ಬದಿಯಲ್ಲಿ ಎಂಟು ಸಾಲು, ಸಾಲಿಗೆ ಅರುವತ್ತು ಅಕ್ಷರವೆಂದರೆ 480 ಅಕ್ಷರ. ಅದರಲ್ಲಿ ತಪ್ಪು 24. ನೂರು ಗರಿಯ ಕಟ್ಟಿನಲ್ಲಿ ಎರಡೂ ಬದಿ ಸೇರಿ ತಪ್ಪು 4,800. ಒಂದು ವಚನದಲ್ಲಿ ಒಂದು ಅಕ್ಷರ ತಪ್ಪಿದರೂ ಅರ್ಥ ತಲೆಕೆಳಗಾಗಬಹುದು.

ಈ ಲೆಕ್ಕದಲ್ಲಿಯೂ ಒಂದು ಸೂಕ್ಷ್ಮವಿದೆ. ನಾವು ‘ಲಕ್ಷ್ಮೀ’ ಎಂಬುದನ್ನು ಎರಡು ಅಕ್ಷರವೆಂದು ಎಣಿಸುತ್ತೇವೆ. ಗಣಕಕ್ಕೆ ಅದು ಏಳು ಸಂಕೇತಗಳ ಸರಣಿ. ಹೀಗಾಗಿ ತಪ್ಪಿನ ಪ್ರಮಾಣವನ್ನು ಹೇಳುವಾಗ ಅಕ್ಷರವನ್ನು ಎಣಿಸಿದ್ದಾರೆಯೋ ಸಂಕೇತವನ್ನು ಎಣಿಸಿದ್ದಾರೆಯೋ ಎಂದು ವಿಚಾರಿಸುವುದು ಒಳಿತು.

ಇಷ್ಟಾದರೂ ತಪ್ಪುಳ್ಳ ಓದು ನಿರುಪಯುಕ್ತವಲ್ಲ. ಬರಿಗಣ್ಣಿನಿಂದ ಮೊದಲಿನಿಂದ ನಕಲು ಮಾಡುವುದಕ್ಕಿಂತ, ಯಂತ್ರ ಕೊಟ್ಟ ಕರಡನ್ನು ಚಿತ್ರದೊಡನೆ ಹೋಲಿಸಿ ತಿದ್ದುವುದು ಬಲ್ಲವರಿಗೆ ಬಹಳ ಸುಲಭ. ತಿದ್ದಿದ ಪಾಠವನ್ನು ಮತ್ತೆ ಯಂತ್ರಕ್ಕೆ ಕಲಿಸಿದರೆ ಮುಂದಿನ ಓದು ಇನ್ನಷ್ಟು ಶುದ್ಧವಾಗುತ್ತದೆ. ಒಂದೇ ಗ್ರಂಥದ ಹತ್ತಾರು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಪಾಠಾಂತರಗಳನ್ನು ಗುರುತಿಸುವುದು, ತಿಳಿಯದ ಕಟ್ಟಿನಲ್ಲಿರುವ ಗ್ರಂಥ ಯಾವುದೆಂದು ನಾಲ್ಕು ಸಾಲಿನಿಂದ ಪತ್ತೆ ಹಚ್ಚುವುದು, ಇವಕ್ಕೆ ಒರಟು ಓದೂ ಸಾಕಾಗುತ್ತದೆ. ಗ್ರಂಥಸಂಪಾದನೆಯ ಶಾಸ್ತ್ರವನ್ನು ಕನ್ನಡದಲ್ಲಿ ನೆಲೆಗೊಳಿಸಿದ ಡಿ. ಎಲ್. ನರಸಿಂಹಾಚಾರ್ಯರು, ಕಲಬುರ್ಗಿಯವರು ಕೈಯಿಂದ ಮಾಡಿದ ಹೋಲಿಕೆಯ ಕೆಲಸದ ಬಹುಭಾಗವನ್ನು ಇಂದು ಯಂತ್ರಕ್ಕೆ ಒಪ್ಪಿಸಬಹುದು. ಯಾವ ಪಾಠ ಗ್ರಾಹ್ಯ ಎಂಬ ತೀರ್ಮಾನವನ್ನು ಒಪ್ಪಿಸಲಾಗದು.

ಅಂಕಿತದ ಅಪಾಯ

ಭಕ್ತರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು. ಇಂದಿನ ತಂತ್ರಾಂಶಗಳು ಅಕ್ಷರದ ಆಕಾರವನ್ನು ಮಾತ್ರ ನೋಡುವುದಿಲ್ಲ. ಹಿಂದೆ ಕಂಡ ಪಾಠಗಳ ಆಧಾರದಿಂದ ಇಲ್ಲಿ ಏನಿರಬಹುದೆಂದು ಊಹಿಸುತ್ತವೆ. ಮಸುಕಾದ ಕಡೆ ಈ ಊಹೆ ಬಲವಾಗುತ್ತದೆ. ಅದಕ್ಕೆ ಕಲಿಸಿದ ಪಾಠದಲ್ಲಿ ‘ಕೂಡಲಸಂಗಮದೇವ’ ಸಾವಿರ ಬಾರಿ ಬಂದಿದ್ದು, ಒಬ್ಬ ಅಪರಿಚಿತ ಶರಣೆಯ ಅಂಕಿತ ಎಂದೂ ಬಂದಿಲ್ಲವಾದರೆ, ಸವೆದ ಗರಿಯಲ್ಲಿ ಆ ಅಂಕಿತವನ್ನು ಕಂಡಾಗ ಯಂತ್ರ ಪರಿಚಿತವಾದುದನ್ನೇ ಬರೆದುಬಿಡಬಹುದು. ಅದು ಅಲ್ಲಿ ತಪ್ಪೆಂದು ಯಾರಿಗೂ ತೋರುವುದಿಲ್ಲ. ಓದು ಸಲೀಸಾಗಿ ಸಾಗುತ್ತದೆ. ಅರ್ಥವಿಲ್ಲದ ತಪ್ಪನ್ನು ಹುಡುಕುವುದು ಸುಲಭ, ಅರ್ಥವುಳ್ಳ ತಪ್ಪನ್ನು ಹುಡುಕುವುದು ಕಷ್ಟ.

ಸೂಳೆ ಸಂಕವ್ವೆಯದೆಂದು ನಮಗೆ ದೊರೆತಿರುವುದು ಒಂದೇ ಒಂದು ವಚನ. ‘ನಿರ್ಲಜ್ಜೇಶ್ವರ’ ಎಂಬ ಆ ಅಂಕಿತವನ್ನು ಒಬ್ಬ ಲಿಪಿಕಾರ ಕಾಣದೆ ಹೋಗಿದ್ದರೆ, ಅಥವಾ ಕಂಡೂ ತನಗೆ ತಿಳಿದ ಬೇರೊಂದಕ್ಕೆ ತಿದ್ದಿದ್ದರೆ, ಆ ತಾಯಿಯ ಹೆಸರೇ ನಮಗೆ ಉಳಿಯುತ್ತಿರಲಿಲ್ಲ. ಅನುಭವಮಂಟಪದ ಹಿರಿಮೆಯೇ ಎಲ್ಲ ಕಾಯಕದವರ ದನಿಗೂ ಸ್ಥಾನ ದೊರೆತುದು. ಹೆಚ್ಚು ಬಾರಿ ಬಂದುದನ್ನೇ ಸರಿಯೆಂದು ಭಾವಿಸುವ ಯಂತ್ರಕ್ಕೆ ಈ ವಿವೇಕವನ್ನು ನಾವು ಹೇರಬೇಕು. ಪ್ರಸಿದ್ಧ ಅಂಕಿತಗಳ ವಿಷಯದಲ್ಲಿಯೂ ಎಚ್ಚರ ಬೇಕು. ಅಲ್ಲಮಪ್ರಭುಗಳ ಅಂಕಿತ ‘ಗುಹೇಶ್ವರ’ ಎಂದೂ ‘ಗೊಹೇಶ್ವರ’ ಎಂದೂ ಪಾಠಗಳಲ್ಲಿ ಕಾಣುತ್ತದೆ. ಎರಡನ್ನೂ ಒಂದೇ ರೂಪಕ್ಕೆ ತಂದರೆ ಓದುಗನಿಗೆ ಅನುಕೂಲ. ಸಂಶೋಧಕನಿಗೆ ಸಾಕ್ಷ್ಯ ನಾಶ.

ಇದಕ್ಕೆ ಪರಿಹಾರ ಸರಳವಾದುದು. ಮೊದಲ ಪಾಠವು ಓಲೆಯಲ್ಲಿ ಇದ್ದಂತೆಯೇ ಇರಬೇಕು, ತಿದ್ದಿದ ಪಾಠ ಬೇರೆಯಾಗಿರಬೇಕು. ಓದಲಾಗದ ಸ್ಥಳವನ್ನು ಖಾಲಿಯೆಂದು ಗುರುತಿಸಬೇಕೇ ಹೊರತು ಊಹೆಯಿಂದ ತುಂಬಬಾರದು. ಪ್ರತಿಯೊಂದು ಸಾಲಿನ ಪಾಠದೊಡನೆ ಅದರ ಚಿತ್ರವೂ ಇರಬೇಕು, ಓದುಗ ಸಂಶಯ ಬಂದಾಗ ಓಲೆಯನ್ನೇ ನೋಡುವಂತಿರಬೇಕು. ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುಗರನ್ನು ಬೇಡಿಕೊಳ್ಳುತ್ತಿದ್ದರು. ಯಂತ್ರಕ್ಕೆ ಆ ವಿನಯವಿಲ್ಲ; ಅದನ್ನು ಬಳಸುವವರಲ್ಲಿ ಇರಬೇಕು.

ಚಿತ್ರದ ಒಡೆತನ

ಓಲೆಯ ಚಿತ್ರವನ್ನು ದೂರದ ಗಣಕಕ್ಕೆ ಕಳುಹಿಸಿ ಓದಿಸುವುದೂ ಉಂಟು, ನಮ್ಮದೇ ಗಣಕದಲ್ಲಿ ಓದಿಸುವುದೂ ಉಂಟು. ಮೊದಲನೆಯದರಲ್ಲಿ ಚಿತ್ರ ಎಲ್ಲಿ ಉಳಿಯುತ್ತದೆ, ಯಾರು ಬಳಸಬಹುದು, ಶುಲ್ಕವೆಷ್ಟು ಎಂಬುದನ್ನು ಮೊದಲೇ ತಿಳಿಯಬೇಕು. ಕೆಲವು ಕಟ್ಟುಗಳಲ್ಲಿ ವಚನಗಳಲ್ಲದೆ ಮನೆತನದ ಸಾಲದ ಲೆಕ್ಕ, ಜಮೀನಿನ ವಿವರ, ವೈದ್ಯದ ಯೋಗಗಳೂ ಇರುತ್ತವೆ. ಮನೆಯವರ ಒಪ್ಪಿಗೆಯಿಲ್ಲದೆ ಅವನ್ನು ಬಹಿರಂಗಗೊಳಿಸುವುದು ಸಲ್ಲದು. ಆದರೆ ಒಡೆತನದ ಹೆಸರಿನಲ್ಲಿ ಓಲೆಯನ್ನು ಯಾರಿಗೂ ತೋರಿಸದೆ ಗೆದ್ದಲಿಗೆ ಒಪ್ಪಿಸುವುದೂ ಸಲ್ಲದು. ಓಲೆ ಮನೆಯಲ್ಲಿರಲಿ, ಅಕ್ಷರ ಲೋಕಕ್ಕಿರಲಿ ಎಂಬುದು ಎಲ್ಲರೂ ಒಪ್ಪಬಹುದಾದ ಮಾರ್ಗ.

ಕೇಂದ್ರ ಸರ್ಕಾರವು 2003ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಮುಂದುವರಿಕೆಯಾಗಿ, 2025–26ರ ಮುಂಗಡಪತ್ರದಲ್ಲಿ ‘ಜ್ಞಾನ ಭಾರತಂ’ ಯೋಜನೆಯನ್ನು ಘೋಷಿಸಿದೆ. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆ ಅದರ ಗುರಿ. ನಮ್ಮ ರಾಜ್ಯದಲ್ಲಿ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗಗಳಲ್ಲಿ ಓಲೆಗಳ ಸಂಗ್ರಹವೂ ಬಲ್ಲವರೂ ಇದ್ದಾರೆ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಮೈಸೂರಿನ ಅದೇ ಸಂಗ್ರಹದಲ್ಲಿದ್ದ ಓಲೆಯ ಕಟ್ಟೊಂದರಲ್ಲಿ. ಯಾವ ಕಟ್ಟಿನಲ್ಲಿ ಏನಿದೆಯೆಂದು ಬಿಚ್ಚಿ ಓದುವವರೆಗೆ ತಿಳಿಯದು.

ಮನೆಯಲ್ಲಿ ಓಲೆಯಿರುವ ಭಕ್ತರು ಗಮನಿಸಬೇಕಾದುದು

ಓಲೆಗೆ ಕುಂಕುಮ, ಅರಿಸಿನ, ಎಣ್ಣೆ, ನೀರು ತಾಗಿಸಬಾರದು. ಪೂಜೆ ಸಲ್ಲಿಸುವುದಾದರೆ ಹೊರಗಿನ ವಸ್ತ್ರಕ್ಕೆ ಸಲ್ಲಿಸಿ; ದೀಪ, ಧೂಪಗಳನ್ನು ದೂರದಲ್ಲಿಡಿ.

ಕಾಫಿಯನ್ನು ಕಣದಲ್ಲಿ ಹರಡುವಂತೆ ಓಲೆಯನ್ನು ಬಿಸಿಲಿನಲ್ಲಿ ಹರಡಬಾರದು. ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಟ್ಟರೆ ಸಾಕು. ಬಿಸಿಲಿಗೆ ಗರಿ ಸೀಳುತ್ತದೆ.

ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಬಾರದು. ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ ಬಿಸಿಯಿಂದ ಅಂಟಿಸುವುದು, ಅಂಟುಪಟ್ಟಿ ಹಚ್ಚುವುದು ಓಲೆಯನ್ನು ಕೊಂದಂತೆ. ನಿಂಬೆಹುಲ್ಲಿನ ಎಣ್ಣೆಯ ಲೇಪನ, ಕಪ್ಪು ತೀಡುವಿಕೆ ಬಲ್ಲವರ ಕೆಲಸ.

ಗರಿಗಳ ಕ್ರಮವನ್ನು ಬದಲಿಸಬೇಡಿ. ದಾರ ಹರಿದಿದ್ದರೆ ಇದ್ದ ಕ್ರಮದಲ್ಲಿಯೇ ಚಿತ್ರ ತೆಗೆದು, ಗರಿಯ ಎರಡೂ ಬದಿಗೆ ಕ್ರಮಸಂಖ್ಯೆಯನ್ನು ಬೇರೆ ಕಾಗದದಲ್ಲಿ ಬರೆದಿಡಿ. ಗರಿಯ ಮೇಲೆ ಏನೂ ಬರೆಯಬೇಡಿ.

ಚಿತ್ರ ತೆಗೆಯುವಾಗ ಗರಿಯನ್ನು ಸಮತಟ್ಟಾದ ಕಪ್ಪು ಬಟ್ಟೆಯ ಮೇಲಿಟ್ಟು, ಮೊಬೈಲನ್ನು ನೇರ ಮೇಲಿನಿಂದ ಹಿಡಿಯಿರಿ. ಕಪ್ಪು ಉದುರಿದ ಗರಿಗೆ ಪಕ್ಕದಿಂದ ಓರೆ ಬೆಳಕು ಬೀಳುವಂತೆ ಇನ್ನೊಂದು ಚಿತ್ರವನ್ನೂ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ಮೂಲ ಕಡತವನ್ನೇ ಉಳಿಸಿಕೊಳ್ಳಿ.

ಓಲೆ ಎಲ್ಲಿಂದ ಬಂತು, ಯಾರ ಕಾಲದಿಂದ ಮನೆಯಲ್ಲಿದೆ ಎಂದು ಹಿರಿಯರು ಹೇಳುವುದನ್ನು ಇಂದೇ ಬರೆದಿಡಿ. ಯಾವ ಯಂತ್ರವೂ ಅದನ್ನು ಓದಿ ಹೇಳದು.

ಕೊನೆಯದಾಗಿ, ಮೋಡಿಯಂತಿರುವ ಆ ಹಳೆಯ ಅಕ್ಷರಗಳನ್ನು ಕಲಿಯುವುದು ನಾವು ಭಾವಿಸುವಷ್ಟು ಕಠಿಣವಲ್ಲ. ಕನ್ನಡ ಬಲ್ಲ, ತಾಳ್ಮೆಯುಳ್ಳ ಯುವಕ ಯುವತಿಯರು ಕೆಲವು ತಿಂಗಳ ಅಭ್ಯಾಸದಿಂದ ಓಲೆಯನ್ನು ಓದುವಂತಾಗಬಹುದು. ಅಂತಹ ಹತ್ತು ಮಂದಿ ಈ ಬೆಟ್ಟದ ಸೀಮೆಯಲ್ಲಿ ಸಿದ್ಧರಾದರೆ ಯಂತ್ರಕ್ಕೆ ಕಲಿಸುವವರೂ ಅವರೇ, ಯಂತ್ರ ಎಡವಿದಾಗ ತಿದ್ದುವವರೂ ಅವರೇ. ಬಲ್ಲವರಿಲ್ಲದ ಊರಿನಲ್ಲಿ ಯಂತ್ರ ಓದಿದುದು ಸರಿಯೋ ತಪ್ಪೋ ಎಂದು ಹೇಳುವವರೂ ಇರುವುದಿಲ್ಲ. ಮನೆಯ ಹಿರಿಯರ ಕಟ್ಟನ್ನು ಈ ವರ್ಷ ಬಿಚ್ಚುವಾಗ, ಪೂಜೆಯ ಜೊತೆಗೆ ಒಂದು ಸಾಲನ್ನಾದರೂ ಓದಲು ಪ್ರಯತ್ನಿಸಬೇಕೆಂದು ಸದ್ಭಕ್ತರಲ್ಲಿ ವಿನಂತಿ.

ಶರಣು ಶರಣಾರ್ಥಿಗಳು.

— ಕಾರ್ಯದರ್ಶಿ, ಶ್ರೀಮಠ